ಹೋಲ್ಗೆರ್ ಹಚ್ಚಿದ ಮೇಣ

ನನ್ನ ತಮ್ಮ ಟೊರ್ಕೆಲ್ ಸ್ಕೀ ಓಟದ ವಿಶ್ವ ಚಾಂಪಿಯನ್. ಹದಿನೈದು ಕಿಲೋಮೀಟರಿನಲ್ಲಿ ಒಂದು ಸಲ, ಮೂವತ್ತರಲ್ಲಿ ಎರಡು ಸಲ. ಬೆಟ್ಟದ ತುದಿಯಿಂದ ಕೆಳಕ್ಕೆ ಜಾರುವವರ ಪೈಕಿ ಅಲ್ಲ. ಅದು ದುಡ್ಡಿದ್ದವರ ಆಟ, ಅರ್ಧ ಕೆಲಸ ಬೆಟ್ಟವೇ ಮಾಡಿಕೊಡುತ್ತದೆ. ಇವನದು ಕಾಡಿನೊಳಗೆ ಏರಿ ಇಳಿದು, ಮೂಗಿನಿಂದ ಇಳಿದದ್ದು ಗಡ್ಡದಲ್ಲಿ ಹೆಪ್ಪುಗಟ್ಟುವ ತನಕ ಓಡುವ ಓಟ.

ನಮ್ಮೂರು ಕ್ವಾರ್ನೋಸೆನ್‌ನಲ್ಲಿ ಈ ಚಾಂಪಿಯನ್ ವಿಷಯವನ್ನು ಯಾರೂ ಜೋರಾಗಿ ಹೇಳುವುದಿಲ್ಲ. ಹೇಳಿದರೆ ಅವನು ತಾನೇನೋ ದೊಡ್ಡ ಮನುಷ್ಯ ಅಂದುಕೊಂಡಾನು ಎಂಬ ಭಯ. ನಮ್ಮಲ್ಲಿ ಒಬ್ಬನಿಗೆ ಸಲ್ಲುವ ಅತಿ ದೊಡ್ಡ ಹೊಗಳಿಕೆ "ಪರವಾಗಿಲ್ಲ" ಎಂಬುದು. ಟೊರ್ಕೆಲ್ ಮೊದಲ ಚಿನ್ನದ ಪದಕ ತಂದಾಗ ಮರದ ಮಿಲ್ಲಿನ ಮುದುಕರು ಅದನ್ನು ಅಂಗೈಯಲ್ಲಿಟ್ಟು ತೂಗಿ ನೋಡಿ, "ಪರವಾಗಿಲ್ಲ, ಸ್ವಲ್ಪ ಹಗುರ ಆಯ್ತು" ಅಂದರು. ಅವನು ಅಷ್ಟಕ್ಕೇ ವಾರವಿಡೀ ನಾಚಿ ಕೆಂಪಾಗಿ ತಿರುಗಿದ.

ಆದರೆ ಸೋತವನ ವಿಷಯಕ್ಕೆ ಬಂದರೆ ಇದೇ ಊರಿನ ಬಾಯಿಗೆ ಬೀಗವಿಲ್ಲ. ನಮ್ಮೂರಿನ ಸೋತವನು ನನ್ನ ಗಂಡ ಹೋಲ್ಗೆರ್. ಅವನು ಜೀವಮಾನದಲ್ಲಿ ಒಂದು ಪಂದ್ಯವನ್ನೂ ಓಡಿದವನಲ್ಲ, ತಂಡದವರ ಸ್ಕೀಗಳಿಗೆ ಮೇಣ ಹಚ್ಚುತ್ತಿದ್ದವನು. ಹದಿನಾಲ್ಕು ವರ್ಷದ ಹಿಂದೆ ಫಿನ್ಲೆಂಡಿನಲ್ಲಿ ಟೊರ್ಕೆಲ್ ಐವತ್ತು ಕಿಲೋಮೀಟರಿನ ಚಿನ್ನವನ್ನು ಮೂರು ಸೆಕೆಂಡಿನಿಂದ ಕಳೆದುಕೊಂಡ. ಅದು ಹೋಲ್ಗೆರನ ಮೇಣದ ತಪ್ಪು ಎಂದು ದೇಶಕ್ಕೆಲ್ಲ ಗೊತ್ತು. ಅದು ಹಾಗಲ್ಲ ಎಂದು ನನಗೆ ಗೊತ್ತಿತ್ತು, ಮತ್ತು ನಾನು ಬಾಯಿ ಬಿಟ್ಟಿರಲಿಲ್ಲ.

ಹೇಗೆ ಗೊತ್ತಿತ್ತು ಎಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಈ ಓಟದಲ್ಲಿ ಎಲ್ಲರೂ ಒಟ್ಟಿಗೆ ಹೊರಡುವುದಿಲ್ಲ. ಅರ್ಧ ನಿಮಿಷಕ್ಕೊಬ್ಬನಂತೆ ಬಿಡುತ್ತಾರೆ. ಹಾಗಾಗಿ ಕಾಡಿನಲ್ಲಿ ಓಡುತ್ತಿರುವವನಿಗೆ ತಾನು ಗೆಲ್ಲುತ್ತಿದ್ದೇನೋ ಸೋಲುತ್ತಿದ್ದೇನೋ ತಿಳಿಯುವುದಿಲ್ಲ. ಯಾರಾದರೂ ದಾರಿಯ ಪಕ್ಕ ಮೊಣಕಾಲುದ್ದ ಹಿಮದಲ್ಲಿ ನಿಂತು, ಸ್ಟಾಪ್‌ವಾಚ್ ನೋಡಿ, ಇಷ್ಟು ಸೆಕೆಂಡು ಮುಂದಿದ್ದೀಯ, ಇಷ್ಟು ಹಿಂದಿದ್ದೀಯ ಎಂದು ಕೂಗಬೇಕು. ಕೂಗುವುದು ಮನೆಯವರ ಕೆಲಸ. ನಮ್ಮ ಮನೆಯಲ್ಲಿ ಆ ಕೆಲಸ ನನ್ನ ಪಾಲಿಗೆ ಬಂತು, ಯಾಕೆಂದರೆ ಅಪ್ಪ ವರ್ಷಕ್ಕೆ ಐದಾರು ಮಾತಿಗಿಂತ ಹೆಚ್ಚು ಆಡುತ್ತಿರಲಿಲ್ಲ. ಅವುಗಳನ್ನು ಸ್ಕೀ ಓಟಕ್ಕೆ ಖರ್ಚು ಮಾಡಲು ಅವನಿಗೆ ಇಷ್ಟವಿರಲಿಲ್ಲ.

ಟೊರ್ಕೆಲ್‌ಗೆ ಹದಿನಾಲ್ಕು ತುಂಬಿದ ವರ್ಷ ಜಿಲ್ಲೆಯ ಪಂದ್ಯದಲ್ಲಿ ನಾನು ಮೊದಲ ಸಲ ಕೂಗಿದೆ. "ಹತ್ತು ಸೆಕೆಂಡು ಮುಂದಿದೀಯ ಕಣೋ" ಎಂದು ಇದ್ದದ್ದನ್ನು ಇದ್ದ ಹಾಗೆ, ಖುಷಿಯಿಂದ ಕೂಗಿದೆ. ಮಹಾರಾಯ ಏನು ಮಾಡಿದ ಗೊತ್ತೆ? ನೇರವಾಗಿ, ಓಟಗಾರರಿಗೆಂದು ದಾರಿಬದಿ ಇಟ್ಟಿದ್ದ ಬ್ಲೂಬೆರಿ ಸೂಪಿನ ಮೇಜಿನ ಹತ್ತಿರ ಹೋಗಿ ನಿಂತ. ಒಂದು ಲೋಟ ಕುಡಿದ. ಇನ್ನೊಂದು ಕುಡಿದ. ಮೂರನೆಯದನ್ನೂ ಕುಡಿದು, ಬಾಯಿ ಒರೆಸಿಕೊಂಡು, ಮದುವೆ ಊಟ ಮುಗಿಸಿ ಎದ್ದವನಂತೆ ನಿಧಾನವಾಗಿ ಹೊರಟ. ಆರನೆಯವನಾಗಿ ಬಂದ. ಸಂಜೆ ಅಪ್ಪ ಕೊಡಲಿಗೆ ಸಾಣೆ ಹಿಡಿಯುತ್ತ, ಆ ವರ್ಷದ ತನ್ನ ಮಾತುಗಳಲ್ಲಿ ಎರಡನ್ನು ನನಗೆ ಕೊಟ್ಟ.

"ಹಿಂದಿದಾನೆ ಅನ್ನು."

ಅಂದಿನಿಂದ ನಾನು ಸುಳ್ಳು ಹೇಳುವ ಕೆಲಸಕ್ಕೆ ಸೇರಿದೆ. ನನಗೆ ಅರ್ಥವಾಗಿದ್ದು ಇಷ್ಟು: ಈ ಹುಡುಗನಿಗೆ ಹೊಗಳಿಕೆ ತಲೆಗೇರುತ್ತದೆ, ಅವಮಾನ ಕಾಲಿಗಿಳಿಯುತ್ತದೆ. ಹಾಗಾಗಿ ಅವನು ಮುಂದಿದ್ದಾಗ ಹಿಂದಿದ್ದೀಯ ಎನ್ನುತ್ತಿದ್ದೆ, ಅದರ ಜೊತೆಗೆ ಬೈಗುಳದ ಒಗ್ಗರಣೆ. "ಲೇ ದಂಡಪಿಂಡ, ಹನ್ನೆರಡು ಸೆಕೆಂಡು ಹಿಂದಿದೀಯ. ಕಾಲಿಗೆ ಸ್ಕೀ ಕಟ್ಕೊಂಡಿದೀಯೋ ಹಾಸಿಗೆ ಕಟ್ಕೊಂಡಿದೀಯೋ?" ಅವನು ಹಲ್ಲು ಕಚ್ಚಿ ಏರನ್ನು ಹತ್ತಿ ಮಾಯವಾಗುತ್ತಿದ್ದ. ನಿಜವಾಗಿ ಹಿಂದೆ ಬಿದ್ದಾಗ ನನಗೇ ಪಾಪ ಅನ್ನಿಸುತ್ತಿತ್ತು. ಆಗ ಇದ್ದ ಲೆಕ್ಕವನ್ನೇ ಮೆತ್ತಗೆ ಹೇಳಿ ಕಳಿಸುತ್ತಿದ್ದೆ.

ಅವನು ಜಿಲ್ಲೆ ಗೆದ್ದ, ದೇಶ ಗೆದ್ದ, ನಾರ್ವೆಯವರನ್ನು ಅವರ ಮನೆಯಂಗಳದಲ್ಲೇ ಸೋಲಿಸಿ ಬಂದ. ಅದಕ್ಕಾದರೂ "ಚೆನ್ನಾಗಿತ್ತು" ಅನ್ನಬಹುದೇ ಎಂದು ಊರವರು ಎರಡು ದಿನ ಯೋಚಿಸಿದರು. ಪತ್ರಿಕೆಯವರು ಅವನಿಗೆ "ಒಳಗೆ ಗಡಿಯಾರವಿರುವ ಮನುಷ್ಯ" ಎಂದು ಹೆಸರಿಟ್ಟರು. ಟಿವಿಯಲ್ಲಿ ಅವನು ನೆಲ ನೋಡುತ್ತ, "ನಾನು ನನ್ನ ಮೈ ಮಾತು ಕೇಳ್ತೀನಿ, ಅಷ್ಟೆ" ಎನ್ನುತ್ತಿದ್ದ. ನಾನು ಶಾಲೆಯ ಅಡುಗೆಮನೆಯಲ್ಲಿ ಇನ್ನೂರು ಮಕ್ಕಳಿಗೆ ಆಲೂಗಡ್ಡೆ ಬೇಯಿಸುತ್ತ ಇದನ್ನು ಕೇಳಿ ನಗುತ್ತಿದ್ದೆ. ಆ ಮೈ ಶನಿವಾರ ಭಾನುವಾರ ಎರಡು ಜೊತೆ ಉಣ್ಣೆ ಕಾಲುಚೀಲ ಹಾಕಿಕೊಂಡು, ಬಸ್ಸಿನಲ್ಲಿ ಕಾಡಿಗೆ ಹೋಗಿ ನಿಲ್ಲುತ್ತಿತ್ತು. ತಂಡದ ದೊಡ್ಡವರಿಗೆ ಟೊರ್ಕೆಲ್ ಹಾಕಿದ್ದು ಒಂದೇ ಷರತ್ತು: ತನಗೆ ಕೂಗುವವಳು ಅಕ್ಕ ಮಾತ್ರ, ಬೇರೆ ಯಾರೂ ಬಾಯಿ ಹಾಕಕೂಡದು. ಇದು ನನ್ನ ಮೇಲಿನ ಪ್ರೀತಿ ಎಂದು ನಾನು ತಿಳಿದಿದ್ದೆ. ಬೈಸಿಕೊಳ್ಳುವುದಕ್ಕೂ ಒಂದು ರುಚಿ ಇರುತ್ತದಲ್ಲ.

ಆ ತಂಡದಲ್ಲೇ ನನಗೆ ಹೋಲ್ಗೆರ್ ಸಿಕ್ಕಿದ. ಮೇಣದ ಕೋಣೆಯಲ್ಲಿ ಇಸ್ತ್ರಿಪೆಟ್ಟಿಗೆ ಹಿಡಿದು ನಿಂತಿರುತ್ತಿದ್ದ, ಮೈಯೆಲ್ಲ ಸ್ಕೀಗೆ ಬಳಿಯುವ ಟಾರಿನ ವಾಸನೆ. ಚಳಿ ಹೆಚ್ಚಾದರೆ ನೀಲಿ ಡಬ್ಬಿ, ಕಡಿಮೆಯಾದರೆ ನೇರಳೆ, ಹಿಮ ಒದ್ದೆಯಾದರೆ ಕೆಂಪು ಎಂದು ಮಕ್ಕಳಿಗೂ ಗೊತ್ತು. ಡಬ್ಬಿಯ ಮೇಲೆ ಬರೆದಿರದಂಥದ್ದು ಹೋಲ್ಗೆರ್‌ಗೆ ಗೊತ್ತಿತ್ತು. ಹಿಮವನ್ನು ಮುಷ್ಟಿಯಲ್ಲಿ ಹಿಡಿದು, ಬಿಟ್ಟು, ಬೆರಳುಗಳನ್ನು ಒಂದಕ್ಕೊಂದು ಉಜ್ಜಿ ನೋಡುತ್ತಿದ್ದ. ಏರಿನಲ್ಲಿ ಸ್ಕೀ ಹಿಂದಕ್ಕೆ ಜಾರದೆ ಹಿಮವನ್ನು ಹಿಡಿಯಬೇಕು, ಇಳಿಜಾರಿನಲ್ಲಿ ಹಿಡಿಯಬಾರದು. ಎರಡನ್ನೂ ಒಂದೇ ಮೇಣದಿಂದ ಮಾಡಿಸುವುದು ಸೊಸೆಯನ್ನೂ ಅತ್ತೆಯನ್ನೂ ಒಂದೇ ಮಾತಿನಲ್ಲಿ ಸಮಾಧಾನ ಮಾಡಿದ ಹಾಗೆ. ಅದನ್ನು ಹೋಲ್ಗೆರ್ ಮಾಡುತ್ತಿದ್ದ. ಗೆದ್ದಾಗ ಅವನ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ, ಅವನಿಗೆ ಅದು ಬೇಕಾಗಿಯೂ ಇರಲಿಲ್ಲ.

ಫಿನ್ಲೆಂಡಿನ ಆ ಓಟದ ಹೊತ್ತಿಗೆ ಟೊರ್ಕೆಲ್‌ಗೆ ಮೂವತ್ತಾರು. ಐವತ್ತು ಕಿಲೋಮೀಟರ್ ಒಂದನ್ನು ಅವನು ಗೆದ್ದಿರಲಿಲ್ಲ. ಐವತ್ತನ್ನು ಗೆಲ್ಲದವನು ನಮ್ಮ ಕಡೆಯವರ ಪ್ರಕಾರ ಇನ್ನೂ ಕಲಿಯುತ್ತಿರುವವನು. ಇದೇ ಕೊನೆಯ ಓಟ ಎಂದು ಅವನು ಹೇಳಿಬಿಟ್ಟಿದ್ದ. ಬೆಳಿಗ್ಗೆ ಹವೆ ಸೊನ್ನೆಯ ಆಚೆ ಈಚೆ ತೂಗುತ್ತಿತ್ತು. ಮೇಣ ಹಚ್ಚುವವರು ಹೆದರಿ ಸಾಯುವುದು ಸೊನ್ನೆಗೆ. ಹೋಲ್ಗೆರ್ ಹನ್ನೊಂದು ಜೊತೆ ಸ್ಕೀ ತೆಗೆದುಕೊಂಡು ಹೋಗಿ ಹನ್ನೊಂದರಲ್ಲೂ ಏರು ಹತ್ತಿ ಇಳಿದು ಬಂದು, ಒಂದನ್ನು ಆರಿಸಿ, ಮೂರು ಪದರ ಹಚ್ಚಿ, ಮಾತಿಲ್ಲದೆ ಟೊರ್ಕೆಲ್ ಕೈಗೆ ಕೊಟ್ಟ.

ನಾನು ನಿಂತಿದ್ದು ಕೊನೆಯ ದೊಡ್ಡ ಏರಿನ ನೆತ್ತಿಯಲ್ಲಿ. ಅಲ್ಲಿಂದ ಗುರಿಗೆ ಎಂಟು ಕಿಲೋಮೀಟರ್. ಟೊರ್ಕೆಲ್‌ಗಿಂತ ಐದು ನಿಮಿಷ ಮೊದಲು ಹೊರಟಿದ್ದ ನಾರ್ವೆಯವನು ನನ್ನ ಮುಂದೆ ಹಾದು ಹೋದ. ವಾಚು ಒತ್ತಿದೆ. ನಾಲ್ಕು ನಿಮಿಷ ನಲವತ್ತು ಸೆಕೆಂಡಿಗೆ ನನ್ನ ತಮ್ಮ ಏರು ಹತ್ತಿ ನನ್ನೆದುರಿಗೆ ಬಂದ. ಇಪ್ಪತ್ತು ಸೆಕೆಂಡು ಮುಂದೆ. ಒಂದು ಹೆಜ್ಜೆಯೂ ಹಿಂದಕ್ಕೆ ಜಾರುತ್ತಿರಲಿಲ್ಲ. ಆದರೆ ಮುಖ ಅವನದಲ್ಲ ಎನ್ನುವಂತಿತ್ತು. ತುಟಿ ಒಡೆದು ರಕ್ತ, ಕಣ್ಣು ಎಲ್ಲೋ. ಆಸ್ಪತ್ರೆಯಲ್ಲಿ ಕೊನೆಯ ವಾರ ಅಪ್ಪನ ಕಣ್ಣು ಹಾಗೇ ಇತ್ತು. ಬೈಯಬೇಕೆಂದು ಬಾಯಿ ತೆರೆದೆ. ಬೈಗುಳ ಬರಲಿಲ್ಲ. ಇಪ್ಪತ್ತೆರಡು ವರ್ಷ ಒಂದು ಒಳ್ಳೆಯ ಮಾತು ಕೇಳದೆ ಓಡಿದ್ದಾನೆ, ಕೊನೆಯ ಎಂಟು ಕಿಲೋಮೀಟರನ್ನಾದರೂ ಸಂತೋಷದಿಂದ ಓಡಲಿ ಎನ್ನಿಸಿತು.

"ಟೊರ್ಕೆಲ್, ಮುಂದಿದೀಯ ಕಣೋ. ಇಪ್ಪತ್ತು ಸೆಕೆಂಡು. ಇನ್ನೇನು ಬಂತು, ಹೋಗು ಮರಿ."

ಅವನು ತಲೆ ಎತ್ತಿ ನನ್ನನ್ನು ನೋಡಿದ. ಓಡುವಾಗ ಅವನು ನನ್ನ ಮುಖ ನೋಡಿದ್ದು ಅದೇ ಮೊದಲು. ಆಮೇಲೆ ಇಳಿಜಾರಿನಲ್ಲಿ ಕೆಳಗಿಳಿದು ಹೋದ.

ಮೂರು ಸೆಕೆಂಡಿನಿಂದ ಸೋತ. ಎಂಟು ಕಿಲೋಮೀಟರಿನಲ್ಲಿ ಇಪ್ಪತ್ತಮೂರು ಸೆಕೆಂಡು ಉದುರಿಸಿಕೊಂಡು ಬಂದಿದ್ದ. ಗುರಿಯ ಹತ್ತಿರ ಮೈಕು ಹಿಡಿದವನು ಓಡಿ ಬಂದು ಏನಾಯಿತು ಎಂದ. ಟೊರ್ಕೆಲ್ ಸಮಯದ ಫಲಕವನ್ನು ಒಂದು ನಿಮಿಷ ನೋಡಿ, "ಸ್ಕೀ ಹಿಡೀಲಿಲ್ಲ" ಅಂದ.

ಇದು ನಮ್ಮ ದೇಶದಲ್ಲಿ ಸೋತ ಪ್ರತಿಯೊಬ್ಬನೂ ಆಡುವ ಮಾತು. ಕುಣಿಯಲಾರದವಳಿಗೆ ನೆಲ ಡೊಂಕು, ಓಡಲಾರದವನಿಗೆ ಮೇಣ ಡೊಂಕು. ಸಾಮಾನ್ಯವಾಗಿ ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಆದರೆ ಇಲ್ಲಿ ಚಿನ್ನ ಹೋಗಿತ್ತು, ಅದೂ ನಾರ್ವೆಗೆ. ಮರುದಿನ ಪತ್ರಿಕೆಯ ಮುಖಪುಟದಲ್ಲಿ ಟೊರ್ಕೆಲ್‌ನ ಚಿತ್ರ ಚಿಕ್ಕದು, ಇಸ್ತ್ರಿಪೆಟ್ಟಿಗೆ ಹಿಡಿದ ಹೋಲ್ಗೆರನ ಚಿತ್ರ ದೊಡ್ಡದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬುದು ಇದಕ್ಕೇ. ಮುಂದಿನ ಚಳಿಗಾಲಕ್ಕೆ ತಂಡದವರು ಅವನನ್ನು ಕರೆಯಲಿಲ್ಲ.

ನಾನು ಆಗಲೇ ಹೇಳಬೇಕಿತ್ತು. ನಿಜ ಹೇಳಿ ಅವನನ್ನು ಉಬ್ಬಿಸಿದವಳು ನಾನು, ಹದಿನಾಲ್ಕರ ವಯಸ್ಸಿನಲ್ಲಿ ಸೂಪು ಕುಡಿಯುತ್ತ ನಿಂತ ಹಾಗೆ ಇಲ್ಲೂ ಮೈಮರೆತ, ಮೇಣದ ತಪ್ಪಲ್ಲ ಎಂದು. ಮೊದಲ ವಾರ ಹೆದರಿಕೆ. ದೇಶದ ಚಿನ್ನ ಕಳೆದವಳು ಶಾಲೆಯ ಅಡುಗೆಯವಳು ಎಂದು ಬರೆಸಿಕೊಳ್ಳುವ ಆಸೆ ಯಾರಿಗಿರುತ್ತದೆ? ಎರಡನೆಯ ವಾರ, ಇನ್ನು ಸ್ವಲ್ಪ ದಿನಕ್ಕೆ ಜನ ಮರೆಯುತ್ತಾರೆ ಎಂಬ ಸಮಾಧಾನ. ಆಮೇಲೆ ರೂಢಿ. ನನ್ನ ಮಾನ ಗಂಡನ ಮಾನಕ್ಕಿಂತ ದೊಡ್ಡದೆಂದು ನಾನೇನೂ ಕೂತು ತೀರ್ಮಾನಿಸಲಿಲ್ಲ. ಬಾಯಿ ಮುಚ್ಚಿಕೊಂಡಿದ್ದೆ, ತೀರ್ಮಾನ ತಾನಾಗಿಯೇ ಆಯಿತು.

ಜನ ಮರೆಯಲಿಲ್ಲ. ಅಂಗಡಿಯಲ್ಲಿ ಹೋಲ್ಗೆರ್ ಬೆಣ್ಣೆ ಕೊಂಡರೆ, "ನೀನು ಹಚ್ಬೇಡಪ್ಪ, ಬ್ರೆಡ್ಡು ಕೈಯಿಂದ ಜಾರಿಬಿಡುತ್ತೆ" ಎನ್ನುತ್ತಿದ್ದರು. ಅವನು ನಗುತ್ತಿದ್ದ. ನಮ್ಮ ಶಾಲೆಯಲ್ಲೇ ಬಾಯ್ಲರು, ಬಾಗಿಲು, ಬಲ್ಬು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ. ಮೇಣದ ಡಬ್ಬಿಗಳನ್ನೆಲ್ಲ ಯಾರಿಗೋ ಕೊಟ್ಟುಬಿಟ್ಟ. ತನಗೆಂದು ಮೇಣವೇ ಬೇಡದ, ಅಡಿಯಲ್ಲಿ ಮೀನಿನ ಹುರುಪೆಯಂತೆ ಗೀರು ಹೊಡೆದಿರುವ ಅಂಗಡಿ ಸ್ಕೀ ಕೊಂಡ. ಅಡುಗೆಭಟ್ಟ ತನ್ನ ಮನೆಯಲ್ಲಿ ಪೊಟ್ಟಣದ ಸಾರು ಕುಡಿದ ಹಾಗಿತ್ತು ಅದು. ಭಾನುವಾರ ಅವನು ಅದನ್ನು ಕಟ್ಟಿಕೊಂಡು ಗರ ಗರ ಸದ್ದು ಮಾಡುತ್ತ ಕೆರೆಯ ಮೇಲೆ ಹೋಗುವುದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ, ನೋಡಲಾಗದೆ ಪಾತ್ರೆ ತೊಳೆಯುತ್ತಿದ್ದೆ.

ಈ ಫೆಬ್ರವರಿಯಲ್ಲಿ ಟೊರ್ಕೆಲ್‌ಗೆ ಐವತ್ತಾಯಿತು. ಊರಿನ ಸಭಾಭವನದಲ್ಲಿ ಮಧ್ಯಾಹ್ನದ ಊಟ, ಮೇಯನೇಸು ಸೀಗಡಿ ಹೊತ್ತ ಬ್ರೆಡ್ಡಿನ ಕೇಕು ಆರು. ಭಾಷಣದ ಮೇಲೆ ಭಾಷಣ. ಒಬ್ಬೊಬ್ಬರೂ ಎದ್ದು ನಿಂತು, ಹೊಗಳಿದಂತೆ ಕಾಣಬಾರದೆಂದು ಬೆವರು ಸುರಿಸಿ ಹೊಗಳಿದರು. ಆಮೇಲೆ ಪದ್ಧತಿಯಂತೆ ಮರದ ಮಿಲ್ಲಿನವರು ಹಳೆಯ ಧಾಟಿಗೆ ಹೊಸ ಪದ ಕಟ್ಟಿ ಹಾಡಿದರು. ಆರು ಚರಣದಲ್ಲಿ ಐದು ಟೊರ್ಕೆಲ್ ಮೇಲೆ. ಆರನೆಯದು ಹೋಲ್ಗೆರ್ ಮೇಲೆ: ಮದುವೆಯ ದಿನ ಉಂಗುರಕ್ಕೂ ಮೇಣ ಹಚ್ಚಿದನಂತೆ, ಹೆಂಡತಿಯ ಬೆರಳಿನಿಂದ ಅದು ಜಾರಿ ನಾರ್ವೆಗೆ ಹೋಯಿತಂತೆ. ಭವನವೆಲ್ಲ ಮೇಜು ಗುದ್ದಿ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಹೋಲ್ಗೆರ್. ನಾನು ತಟ್ಟೆಗಳನ್ನೆತ್ತಿಕೊಂಡು ಅಡುಗೆಮನೆಗೆ ನಡೆದೆ.

ಹೊಗಳಿಕೆ ತಾಳಲಾರದೆ ಟೊರ್ಕೆಲ್ ಕೂಡ ಅಲ್ಲಿಗೇ ಬಂದ. ಒರೆಸುವ ಬಟ್ಟೆ ತೆಗೆದುಕೊಂಡು ನಾನು ತೊಳೆದ ಲೋಟಗಳನ್ನು ಒರೆಸತೊಡಗಿದ. ನನಗೆ ಸಿಟ್ಟು ನೆತ್ತಿಗೇರಿತ್ತು. ಅದು ಅವನ ಮೇಲೋ ನನ್ನ ಮೇಲೋ ಗೊತ್ತಿಲ್ಲ.

"ಅವತ್ತು ಆ ಏರಲ್ಲಿ ನಾನು ನಿಂಗೆ ನಿಜ ಹೇಳ್ಬಾರ್ದಿತ್ತು," ಅಂದೆ. "ಮುಂದಿದೀಯ ಅಂದ ತಕ್ಷಣ ಉಬ್ಬಿಹೋದೆ. ನಿನ್ನ ಹಣೆಬರಹಾನೇ ಅಷ್ಟು, ಹೊಗಳಿದ್ರೆ ಕಾಲು ನಿಲ್ಲುತ್ತೆ. ಇಪ್ಪತ್ತೆರಡು ವರ್ಷ ಸುಳ್ಳು ಹೇಳಿ ಓಡ್ಸಿದೀನಿ ನಿನ್ನ, ಗೊತ್ತಾ?"

ಅವನು ಒರೆಸುವುದನ್ನು ನಿಲ್ಲಿಸಲಿಲ್ಲ.

"ಗೊತ್ತಿತ್ತಲ್ಲ ಅಕ್ಕ."

"ಏನು ಗೊತ್ತಿತ್ತು?"

"ಹದಿನೇಳ್ನೇ ವಯಸ್ಸಿಂದ ಗೊತ್ತು. ಪಂದ್ಯ ಮುಗಿದ ಮೇಲೆ ಪಟ್ಟಿ ಹಾಕ್ತಾರಲ್ವಾ, ನೋಡ್ತಿರ್ಲಿಲ್ವಾ ನಾನು? ನೀನು ದಂಡಪಿಂಡ, ಕತ್ತೆ ಅಂತ ಬೈದ್ರೆ ನಾನು ಮುಂದಿದೀನಿ ಅಂತ. ಹೆಸರು ಹಿಡಿದು ಮೆತ್ತಗೆ ಕರೆದ್ರೆ ಕತೆ ಮುಗೀತು ಅಂತ. ಯಾವತ್ತೂ ತಪ್ಪಿರ್ಲಿಲ್ಲ. ಬೈಗುಳ ಕೇಳಿದ ತಕ್ಷಣ ಖುಷಿಯಾಗಿ ಕಾಲಿಗೆ ಎಲ್ಲಿಂದ ಬಲ ಬರ್ತಿತ್ತೋ. ಬೇರೆಯವರು ಕೂಗಿದ್ರೆ ಲೆಕ್ಕ ತಪ್ಪುತ್ತೆ ಅಂತಾನೇ ನಿನ್ನೊಬ್ಳನ್ನೇ ಬಿಡಿ ಅಂದಿದ್ದು."

ನನ್ನ ಕೈಯಲ್ಲಿದ್ದ ಲೋಟ ನೀರಿನಲ್ಲೇ ಉಳಿಯಿತು. ಇಪ್ಪತ್ತೆರಡು ವರ್ಷದ ನನ್ನ ಜಾಣತನ, ಅಪ್ಪನ ಎರಡು ಮಾತಿನ ಜ್ಞಾನ, ಎಲ್ಲವೂ ಒಂದು ಒರೆಸುವ ಬಟ್ಟೆಯ ಮುಂದೆ ಹೀಗೆ ಬತ್ತಲಾಗಿ ನಿಂತಿತು.

"ಮತ್ತೆ ಹದಿನಾಲ್ಕರಲ್ಲಿ ಸೂಪು ಕುಡೀತಾ ನಿಂತಿದ್ದು?"

"ಹಸಿವು. ಅವತ್ತು ಬೆಳಿಗ್ಗೆ ನೀನು ಗಂಜಿ ಸೀದಿಸಿದ್ದೆ. ಖಾಲಿ ಹೊಟ್ಟೇಲಿ ತಲೆ ತಿರುಗ್ತಿತ್ತು."

"ಫಿನ್ಲೆಂಡಲ್ಲಿ?"

"ನೀನು ಬೈಲಿಲ್ಲ. ಮರಿ ಅಂದೆ. ಇಪ್ಪತ್ತು ಸೆಕೆಂಡು ಮುಂದೆ ಅಂದ್ರೆ ಇಪ್ಪತ್ತೋ ನಲವತ್ತೋ ಹಿಂದೆ ಬಿದ್ದಿದೀನಿ, ಪಾಪ ಅಂತ ಸಮಾಧಾನ ಮಾಡ್ತಿದಾಳೆ ಅಂದ್ಕೊಂಡೆ. ಇನ್ನು ಚಿನ್ನ ಇಲ್ಲ, ಬೀಳ್ದೆ ಹೋಗಿ ಬೆಳ್ಳಿ ಉಳಿಸ್ಕೊಳ್ಳೋಣ ಅಂತ ಮೈ ಬಿಟ್ಟೆ. ಗುರಿ ಮುಟ್ಟಿ ಬೋರ್ಡ್ ನೋಡಿದ ಮೇಲೆ ಗೊತ್ತಾಯ್ತು, ನೀನು ನಿಜ ಹೇಳಿದ್ದೆ ಅಂತ."

ಹೊರಗೆ ಯಾರೋ ಟೊರ್ಕೆಲ್‌ನನ್ನು ಕರೆಯುತ್ತಿದ್ದರು. ಅವನು ಹೋಗಲಿಲ್ಲ.

"ಮೇಣ ಹೆಂಗಿತ್ತು?" ಅಂದೆ.

"ಮೇಣನಾ?" ಅವನು ಒರೆಸಿದ ಲೋಟವನ್ನು ಬೆಳಕಿಗೆ ಹಿಡಿದು ನೋಡಿದ. "ಅಂಥ ಸ್ಕೀ ನಂಗೆ ಜೀವಮಾನದಲ್ಲೇ ಸಿಕ್ಕಿರ್ಲಿಲ್ಲ."

"ಮತ್ತೆ ಮೈಕಿನ ಮುಂದೆ ಹಂಗ್ಯಾಕಂದೆ?"

"ಇನ್ನೇನ್ ಹೇಳ್ಲಿ? ಅಕ್ಕ ನಿಜ ಹೇಳಿದ್ಲು, ಅದಕ್ಕೆ ಸೋತೆ ಅಂತ ಹೇಳ್ಲಾ? ಬಾಯಿಗೆ ಬಂದಿದ್ದು ಅಂದೆ. ಆಮೇಲೆ ವಾಪಸ್ ತಗೊಳ್ಳೋಕೆ ಆಗ್ಲಿಲ್ಲ." ಇನ್ನೊಂದು ಲೋಟ ಎತ್ತಿಕೊಂಡು, "ಹೋಲ್ಗೆರ್ ಏನೂ ಅಂದ್ಕೊಂಡಿಲ್ಲ ಬಿಡು. ಅವನೂ ನಗ್ತಾನಲ್ಲ" ಅಂದ.

ಮೂರು ಸಲದ ವಿಶ್ವ ಚಾಂಪಿಯನ್‌ನ ಒಳಗಿನ ಗಡಿಯಾರ ಇಷ್ಟೇ ಗಂಟೆ ತೋರಿಸುತ್ತಿತ್ತು. ನನ್ನದೂ ಅಷ್ಟೇ ಅಲ್ಲವೇ?

ಮರುದಿನ ಬೆಳಿಗ್ಗೆ ಹೋಲ್ಗೆರ್ ಎಂದಿನಂತೆ ಅಡುಗೆಮನೆಯ ಮೇಜಿಗೆ ಕೂತು, ಸಕ್ಕರೆ ಅಚ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಅದರ ಮೂಲಕ ಕಾಫಿ ಹೀರುತ್ತಿದ್ದ. ನಾನು ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ. ನನ್ನ ಸುಳ್ಳು, ಆ ದಿನದ ನಿಜ, ಟೊರ್ಕೆಲ್ ಮೈ ಬಿಟ್ಟದ್ದು, ಮೈಕು. ಮೇಣದ ತಪ್ಪಲ್ಲವೆಂದು ನನಗೆ ಅವತ್ತಿನಿಂದಲೇ ಗೊತ್ತಿತ್ತು ಎಂಬುದನ್ನೂ ಹೇಳಿದೆ. ಅದನ್ನು ಹೇಳುವಾಗ ಮೇಜಿನ ಬಟ್ಟೆಯನ್ನೇ ನೋಡುತ್ತಿದ್ದೆ. ಅವನು ಕೂಗಾಡಲಿ ಎಂದು ಬಯಸಿದೆ. ಕೂಗಾಡಿದ್ದರೆ ನನಗೆ ಉಸಿರಾಡಲು ಬರುತ್ತಿತ್ತು.

ಅವನು ಬ್ರೆಡ್ಡಿನ ಚೂರುಗಳನ್ನು ಅಂಗೈಯಿಂದ ಒಂದು ಕಡೆಗೆ ಸರಿಸಿ ಗುಡ್ಡೆ ಮಾಡಿದ.

"ಅವತ್ತು ಸಂಜೆ ಅವನ ಸ್ಕೀಗಳನ್ನ ಮೇಣದ ಕೋಣೆಗೆ ತಂದು ತಿರುವಿ ನೋಡಿದ್ದೆ," ಅಂದ. "ಐವತ್ತು ಕಿಲೋಮೀಟರ್ ಓಡಿದ್ರೂ ಮೇಣ ಇನ್ನೂ ಇತ್ತು. ಬೆರಳಿಟ್ಟೆ. ಹಿಡೀತಿತ್ತು."

"ಮತ್ತೆ ಯಾಕೆ ಯಾರಿಗೂ ಹೇಳ್ಲಿಲ್ಲ?"

"ನೀನು ಆ ಏರಲ್ಲೇ ನಿಂತಿದ್ದೆಯಲ್ಲ, ಯೋರ್ಡಿಸ್. ಜಾರ್ತಿತ್ತೋ ಇಲ್ವೋ ಕಣ್ಣಾರೆ ನೋಡಿದವಳು ನೀನು. ನೀನು ಮನೆಗೆ ಬಂದು ಏನೂ ಅನ್ಲಿಲ್ಲ. ಹಂಗಾಗಿ ನನ್ನ ಬೆರಳೇ ಸುಳ್ಳು ಹೇಳ್ತಿರಬೇಕು ಅಂದ್ಕೊಂಡೆ."